ಡೈಸಮ್ಮನ ಹುರುಳಿ

ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಮೇಲೆ ಊರಿಗಾಂ ಬಂಗಲೆಗಳ ಸಾಹೇಬರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿದರು. ಹೋಗುವ ಮುಂಚೆ ಪಿಯಾನೋ, ಕುರ್ಚಿ, ಬಾತುಕೋಳಿ, ನಾಯಿ ಎಲ್ಲವನ್ನೂ ಹರಾಜು ಹಾಕಿದರು. ಅಂಥದೊಂದು ಹರಾಜಿನಿಂದ ಬಂಗಾರಪೇಟೆಯ ಜಟಕಾ ಸೊಣ್ಣಪ್ಪ ಕೆಂದು ಬಣ್ಣದ ಒಂದು ಹೆಣ್ಣು ಕುದುರೆಯನ್ನು ಹಿಡಿದುಕೊಂಡು ಬಂದ. ಸಾಹೇಬರು ಅದನ್ನು ಡೈಸಿ ಎಂದು ಕರೆಯುತ್ತಿದ್ದರಂತೆ. ಸೊಣ್ಣಪ್ಪನ ಬಾಯಲ್ಲಿ ಡೈಸಮ್ಮ ಆಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವನ ದೌಲತ್ತು. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಆಗ ಹದಿನಾಲ್ಕು ಜಟಕಾ ನಿಲ್ಲುತ್ತಿದ್ದವು. ಹದಿಮೂರು ಕುದುರೆಗಳ ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು. ಡೈಸಮ್ಮನ ಮೈ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ರೈಲಿಳಿದವರು ಬೇರೆ ಗಾಡಿಗಳನ್ನು ದಾಟಿಕೊಂಡು ಬಂದು ಇವನ ಗಾಡಿ ಹತ್ತುತ್ತಿದ್ದರು. ಹೆಂಡತಿ ಸತ್ತಾಗ ಮೂರನೆಯ ದಿನವೇ ಗಾಡಿ ಕಟ್ಟಿದ ಮಹಾನುಭಾವ ಇವನು. ಡೈಸಮ್ಮನಿಗೆ ನೆಗಡಿಯಾದರೆ ಒಂದು ವಾರ ಮನೆ ಬಿಟ್ಟು ಕದಲುತ್ತಿರಲಿಲ್ಲ. ಕುದುರೆಯ ವಿಷಯ ತನ್ನಷ್ಟು ತಿಳಿದವನು ಮಾಲೂರಿನಿಂದ ಮಾರಿಕುಪ್ಪಂವರೆಗೆ ಇನ್ನೊಬ್ಬನಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ಆ ಕೆಲಸವೂ ಅವನ ಮೇಲೆಯೇ ಬಿದ್ದಿತ್ತು.

ಜಟಕಾದವರಲ್ಲಿ ಒಂದು ನೇಮವಿತ್ತು. ಕುದುರೆ ಕೊಳ್ಳುವ ದಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಕಟ್ಟುತ್ತಾರಲ್ಲ, ಅದೇ ಮೊದಲು, ಅದೇ ಕೊನೆ. ಮನೆಗೆ ಬಂದ ಕುದುರೆಯ ಬಾಯೊಳಗೆ ಯಜಮಾನ ಮತ್ತೆ ಇಣುಕಬಾರದು. ಇಣುಕಿದರೆ ಅದರ ಉಳಿದ ಆಯುಸ್ಸನ್ನು ಎಣಿಸಿದ ಹಾಗೆ, ಎಣಿಸಿದ್ದು ಕರಗುತ್ತದೆ. ಕಡಿವಾಣ ಹಾಕುವಾಗಲೂ ದವಡೆಯ ಮೂಲೆಗೆ ಹೆಬ್ಬೆರಳು ಒತ್ತಿ, ಮುಖ ಆಚೆ ತಿರುಗಿಸಿಕೊಂಡು ಕಬ್ಬಿಣ ತುರುಕುತ್ತಿದ್ದರು. ಸೊಣ್ಣಪ್ಪ ಈ ನೇಮವನ್ನು ದೇವರ ಹರಕೆಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದ.

ಮನೆಯಲ್ಲಿ ಇದ್ದವರು ಮೂವರು. ಮಗ ಮುನಿಶಾಮಿ ಕೋರಮಂಡಲ್ ಗಣಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ, ಬಂದವನೇ ಉಂಡು ಮಲಗುತ್ತಿದ್ದ. ಸೊಸೆ ಕನಕಮ್ಮ ಬೂದಿಕೋಟೆಯವಳು. ಮದುವೆಯಾಗಿ ನಾಲ್ಕು ವರ್ಷ. ಎರಡು ಬಸಿರು ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿದ್ದವು. ಈ ಸಲದ್ದು ನಿಂತಿತ್ತು. ದೀಪಾವಳಿಯ ಹೊತ್ತಿಗೆ ನಾಲ್ಕು ತುಂಬಿ, ಕೆನ್ನೆ ತುಂಬಿ, ಬಳೆ ಬಿಗಿಯಾಗಿ, ನೋಡಿದವರು ನೆಟಿಕೆ ಮುರಿಯುವ ಹಾಗೆ ಆಗಿದ್ದಳು. ಈ ಮಗು ಒಂದು ಉಳಿದರೆ ಆ ಮನೆಯಲ್ಲಿ ತನಗೊಂದು ಜಾಗ ಎಂದು ಅವಳಿಗೆ ಗೊತ್ತಿತ್ತು. ಉಳಿಯದಿದ್ದರೆ ಏನು ಎಂಬುದೂ ಗೊತ್ತಿತ್ತು, ಯಾಕೆಂದರೆ ಸೊಣ್ಣಪ್ಪ ಅದನ್ನು ಅವಳ ಮುಂದೆಯೇ ಎರಡು ಸಲ ಹೇಳಿದ್ದ.

ಹುರುಳಿ ಬೇಯಿಸುವುದು ಅವಳ ಕೆಲಸ. ಬೆಳಿಗ್ಗೆ ಎದ್ದು ಮಡಕೆ ತುಂಬ ಹುರುಳಿ ಒಲೆಗೆ ಏರಿಸಿ, ಬೆಂದ ಮೇಲೆ ಕಟ್ಟು ಬಸಿದು, ಕಾಳನ್ನು ಡೈಸಮ್ಮನ ಬಾನಿಗೆ ಸುರಿಯಬೇಕು. ಕಾಳು ಕುದುರೆಗೆ, ಕಟ್ಟು ಮನೆಯವರಿಗೆ. ಆ ಕಟ್ಟಿನ ಸಾರಿನಲ್ಲಿ ಅಪ್ಪ ಮಗ ಎರಡು ಹೊತ್ತೂ ಮುದ್ದೆ ಮುರಿಯುತ್ತಿದ್ದರು. ಕನಕಮ್ಮ ಮಾತ್ರ ಬಸಿರಾದ ದಿನದಿಂದ ಸಾರು ಮುಟ್ಟುತ್ತಿರಲಿಲ್ಲ. ಹುರುಳಿ ಉಷ್ಣ, ಬಸುರಿಯರಿಗೆ ಆಗದು ಎಂದು ಅವಳ ತಾಯಿ ಆಣೆ ಹಾಕಿಸಿಕೊಂಡಿದ್ದಳು. ಅವಳು ಉಪ್ಪು, ಮೆಣಸಿನಕಾಯಿ, ಇದ್ದ ದಿನ ಮಜ್ಜಿಗೆ, ಇಷ್ಟರಲ್ಲೇ ಉಣ್ಣುತ್ತಿದ್ದಳು. ದಿನಾ ಬೆಳಿಗ್ಗೆ ಹುರುಳಿಯ ಆ ಬಿಸಿ ವಾಸನೆ ಮೂಗಿಗೆ ಬಡಿದಾಗ ಬಾಯಲ್ಲಿ ನೀರೂರುವುದು ಮಾತ್ರ ಅವಳ ಕೈಯಲ್ಲಿರಲಿಲ್ಲ.

ದೀಪಾವಳಿ ಕಳೆದ ಹದಿನೈದು ದಿನಕ್ಕೆ ಡೈಸಮ್ಮ ಇಳಿಯತೊಡಗಿತು.

ಮೊದಲು ಗೊತ್ತಾದದ್ದು ಹೊಟ್ಟೆಪಟ್ಟಿಯಲ್ಲಿ. ಯಾವಾಗಲೂ ಹಾಕುವ ತೂತಿಗೆ ಹಾಕಿದರೆ ಪಟ್ಟಿ ಜೋತುಬಿತ್ತು. ಒಂದು ತೂತು ಬಿಗಿದ. ಆ ವಾರವೇ ಇನ್ನೊಂದು. ತಿಂಗಳು ತುಂಬುವಷ್ಟರಲ್ಲಿ ಪಟ್ಟಿಯಲ್ಲಿ ತೂತುಗಳೇ ಮುಗಿದು, ಸೊಣ್ಣಪ್ಪ ಮೊಳೆ ಕಾಯಿಸಿ ಹೊಸದು ಕೊರೆದ. ಮೈಯ ಮಿಂಚು ಹೋಯಿತು, ಸೊಂಟದ ಮೂಳೆ ಎದ್ದಿತು. ಸ್ಟ್ಯಾಂಡಿನಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಒಂದೇ ಜಾತಿಯ ಕುದುರೆಗಳಾದವು.

ಎರಡು ವರ್ಷದಿಂದ ಹೊಟ್ಟೆ ಉರಿದುಕೊಂಡಿದ್ದ ಜಟಕಾದವರಿಗೆ ಹಬ್ಬ ಬಂತು. ಆದರೂ ಬುದ್ಧಿ ಹೇಳುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಇವನ ಪಕ್ಕದಲ್ಲೇ ಗಾಡಿ ನಿಲ್ಲಿಸುವ ಕೋದಂಡಪ್ಪ ದೃಷ್ಟಿ ಎಂದ. ಒಬ್ಬ ಹೊಟ್ಟೆಹುಳ ಎಂದ, ಒಬ್ಬ ಚಳಿಗಾಳಿ ಎಂದ. ಸಾಹೇಬರು ಕೊಡುತ್ತಿದ್ದ ಬ್ರೆಡ್ಡು ಸಕ್ಕರೆ ನೆನೆಸಿಕೊಂಡು ಕೊರಗುತ್ತಿದೆ ಎಂದ ಇನ್ನೊಬ್ಬ. ಸೊಣ್ಣಪ್ಪ ಯಾವುದನ್ನೂ ಬಿಡಲಿಲ್ಲ. ಮೆಣಸಿನಕಾಯಿ ನಿವಾಳಿಸಿದ. ಹೊಗೆಸೊಪ್ಪು ನೆನೆಸಿದ ನೀರನ್ನು ಬಿದಿರಿನ ಗೊಟ್ಟದಲ್ಲಿ, ಮುಖ ಆಚೆ ತಿರುಗಿಸಿಕೊಂಡೇ, ಗಂಟಲಿಗೆ ಹುಯ್ದ. ಕುದುರೆ ಮಂಡಿಯೂರಿ ಕೆಮ್ಮಿತು. ಕೊನೆಗೆ ಗಾಡಿಯ ಕಬ್ಬಿಣವನ್ನೇ ಕೆಂಪಗೆ ಕಾಯಿಸಿ ಹೊಟ್ಟೆಯ ಎರಡೂ ಕಡೆ ಮೂರು ಮೂರು ಬರೆ ಎಳೆದ. ಚರ್ಮ ಚುರುಗುಟ್ಟಿ ಡೈಸಮ್ಮನ ಕಣ್ಣಲ್ಲಿ ನೀರು ಸುರಿಯಿತು. ಸೊಣ್ಣಪ್ಪನ ಕಣ್ಣಲ್ಲೂ ಸುರಿಯಿತು. ಕುದುರೆ ಮಾತ್ರ ಇಳಿಯುತ್ತಲೇ ಹೋಯಿತು.

ಲದ್ದಿ ಬಾಚುತ್ತಿದ್ದ ಕನಕಮ್ಮ ಒಂದು ದಿನ ಧೈರ್ಯ ಮಾಡಿ ಹೇಳಿದಳು. "ಮಾವ, ಲದ್ದಿಯಾಗೆ ಉರುಳಿ ಇಡೀ ಕಾಳಂಗೇ ಬತ್ತೈತೆ. ಉಲ್ಲು ಕೂಡ ಜಗಿದು ಜಗಿದು ಉಂಡೆ ಮಾಡಿ ಕೆಳಾಕಾಕ್ತದೆ. ತಿನ್ನೋವಾಗ ಕತ್ತು ಒಂದು ಕಡೀಕೆ ವಾಲಿಸ್ತದೆ. ಒಂದ್ಸಲ ನೋಡಿ ಮಾವ."

"ಓಹೋ! ಮನೇಲೇ ಡಾಕ್ಟ್ರು ಉಟ್ಟವ್ಳೆ," ಎಂದ ಸೊಣ್ಣಪ್ಪ. "ಕಾಳು ಇಡಿಯಾಗಿ ಬತ್ತದೆ ಅಂದ್ರೆ ನೀನು ಅರ್ದಂಬರ್ದ ಬೇಯಿಸ್ತೀಯ ಅಂತ ಅರ್ತ. ಸುಮ್ನೆ ಬಾಚು."

ಅವಳು ಸುಮ್ಮನೆ ಬಾಚಿದಳು. ಕೆಳಗೆ ಬಿದ್ದ ಕಾಳನ್ನು ಪಕ್ಕದ ಮನೆ ಅಮ್ಮಾಜಮ್ಮನ ಕೋಳಿಗಳು ಬಂದು ಹೆಕ್ಕಿಕೊಂಡು ಹೋಗುತ್ತಿದ್ದವು. ಸೊಣ್ಣಪ್ಪ ಬರುವಷ್ಟರಲ್ಲಿ ಬಾನಿ ಖಾಲಿ, ನೆಲ ಗುಡಿಸಿದ ಹಾಗೆ ಸ್ವಚ್ಛ. ಹುರುಳಿ ಖರ್ಚಾಗುತ್ತಿದೆ, ಕುದುರೆ ಇಳಿಯುತ್ತಿದೆ. ಹಾಗಾದರೆ ಹುರುಳಿ ಹೋಗುತ್ತಿರುವುದು ಎಲ್ಲಿಗೆ?

ಈ ಪ್ರಶ್ನೆಯನ್ನು ಹೊತ್ತುಕೊಂಡು ಅವನು ಒಂದು ಸಂಜೆ ಮನೆಗೆ ಬಂದಾಗ ಕನಕಮ್ಮ ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಇಳಿಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ತುಂಬಿದ ತೋಳು, ತುಂಬಿದ ಕುತ್ತಿಗೆ, ಮಿರಿಮಿರಿ ಮಿಂಚುವ ಕೆನ್ನೆ. ಆ ಮಿಂಚನ್ನು ಎಲ್ಲಿ ನೋಡಿದ್ದೇನೆ ಎಂದು ಸೊಣ್ಣಪ್ಪ ಯೋಚಿಸಿದ. ಹೊಳೆಯಿತು. ನನ್ನ ಡೈಸಮ್ಮನ ಮೈ ಇವಳ ಮೈಗೆ ಬಂದಿದೆ!

ಮನುಷ್ಯನಿಗೆ ಒಂದು ಸಲ ಹೀಗೆ ಹೊಳೆದರೆ ಮುಗಿಯಿತು, ಆಮೇಲೆ ಕಂಡದ್ದೆಲ್ಲ ಸಾಕ್ಷಿಯೇ. ಅವಳು ಬೇಗ ಎದ್ದರೆ ಕದಿಯುವುದಕ್ಕೆ. ತಡವಾಗಿ ಎದ್ದರೆ ಹೊಟ್ಟೆ ಭಾರವಾಗಿ. ಸಾರು ಬೇಡ ಎನ್ನುವುದು ಯಾಕೆ? ಕಾಳೇ ತಿಂದವಳಿಗೆ ಸಾರು ಯಾಕೆ!

ಮೂರು ದಿನ ಅವನು ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೊರಟವನು ಬೀದಿ ತಿರುವಿನಲ್ಲಿ ನಿಲ್ಲಿಸಿ ನಡೆದು ವಾಪಸ್ಸು ಬಂದ. ಕನಕಮ್ಮ ಸಂಜೆಯ ಪಾಲಿಗೆ ಇಟ್ಟಿದ್ದ ಹುರುಳಿ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ದವಡೆ ಆಡುತ್ತಿತ್ತು.

"ಏನಮ್ಮಿ ಅದು ಬಾಯಾಗೆ?"

ಕನಕಮ್ಮ ಬೆಚ್ಚಿ ಎದ್ದು ಬಾಯಿ ಮುಚ್ಚಿಕೊಂಡಳು. ಸೊಣ್ಣಪ್ಪ ಎರಡು ಹೆಜ್ಜೆಗೆ ಹತ್ತಿರ ಬಂದು ಅವಳ ಗಲ್ಲ ಹಿಡಿದ. ದವಡೆಯ ಮೂಲೆಗೆ ಹೆಬ್ಬೆರಳು ಒತ್ತಿ ಬಾಯಿ ಬಿಡಿಸಿದ, ಬೆಳಕಿಗೆ ತಿರುಗಿಸಿದ, ನಾಲಿಗೆ ಪಕ್ಕಕ್ಕೆ ಸರಿಸಿ ಒಳಗೆಲ್ಲ ನೋಡಿದ. ಹಲ್ಲಿನ ಸಂದಿಯಲ್ಲಿ ಹುರುಳಿ ಸಿಪ್ಪೆ ಇತ್ತು.

"ಒಂದೇ ಒಂದು ಇಡಿ ಮಾವ," ಎಂದು ಅವಳು ಅಳತೊಡಗಿದಳು. "ದಿನಾ ವಾಸ್ನೆ ಬತ್ತದೆ... ಬಾಯಿ ಕೇಳ್ತು. ಇವತ್ತೇ ಮಾವ, ನಮ್ಮಮ್ಮನಾಣೆಗೂ ಇವತ್ತೇ."

"ಕಳ್ಳರೆಲ್ಲ ಸಿಕ್ಕಾಕ್ಕಂಡ ದಿನಾನೇ ಮೊದಲ್ನೇ ದಿನ," ಎಂದ ಸೊಣ್ಣಪ್ಪ. ಅವನ ದನಿ ಏರಲೇ ಇಲ್ಲ. ಹೋಗಿ ಡೈಸಮ್ಮನ ಬಾನಿಯನ್ನು ಎಳೆದು ತಂದು ಅಂಗಳದ ನಡುವೆ ಇಟ್ಟ. ಮಡಕೆಯನ್ನು ಎತ್ತಿ ಅದರೊಳಗೆ ಬೋರಲು ಹಾಕಿದ. ಬಿಸಿ ಹುರುಳಿ ಗುಡ್ಡೆಯಾಗಿ ಬಿತ್ತು. "ಬಾಯಿ ಕೇಳ್ತದಲ್ಲ, ಕೊಡು. ಕುಂತ್ಕ."

"ಮಾವ, ಬ್ಯಾಡ ಮಾವ, ಒಟ್ಟೇಲಿ ಕೂಸೈತೆ..."

"ತಿನ್ನು."

ಅವಳು ಕೂತಳು. ಒಂದು ಹಿಡಿ ತಿಂದಳು, ಎರಡು ಹಿಡಿ ತಿಂದಳು. ಗೋಡೆಯಾಚೆಯಿಂದ ಅಮ್ಮಾಜಮ್ಮ ಇಣುಕಿ ಎದೆ ಹೊಡೆದುಕೊಂಡಳು. "ಏ ಸೊಣ್ಣಪ್ಪ, ನಿಂಗೇನು ದೆವ್ವ ಬಡ್ಕಂಡೈತಾ? ಬಸುರಿ ಎಂಗ್ಸು ಕಣಪ್ಪ! ಉರುಳಿ ಉಷ್ಣ, ಬಸುರು ಇಳ್ದೋಗ್ತದೆ!"

"ಉಷ್ಣ ಅಂತ ಗೊತ್ತಿದ್ದೇ ತಿಂದವ್ಳೆ. ನೀನು ನಿನ್ ಕೋಳಿ ನೋಡ್ಕೊ ಓಗಮ್ಮ."

ಅಮ್ಮಾಜಮ್ಮ ಇನ್ನೂ ಸ್ವಲ್ಪ ಹೊತ್ತು ಕೂಗಾಡಿ, ನಂತರ ಕೋಳಿ ನೋಡಿಕೊಳ್ಳಲು ಹೋದಳು. ಊರಿನ ಕರುಣೆ ಗೋಡೆಯ ಎತ್ತರದಷ್ಟೇ, ಅದನ್ನು ದಾಟಿ ಬರುವುದು ಅಪರೂಪ. ಕನಕಮ್ಮ ತಿನ್ನುತ್ತಲೇ ಇದ್ದಳು. ಗಂಟಲು ಒಣಗಿದಾಗ ನೀರು ಕೇಳಿದಳು. ಕುದುರೆಯ ಬಕೆಟ್ಟು ತೋರಿಸಿದ. ಅರ್ಧ ಬಾನಿ ಆಗುವಷ್ಟರಲ್ಲಿ ಒಂದೇ ಸಮನೆ ವಾಂತಿ ಮಾಡಿಕೊಂಡಳು. ವಾಂತಿ ನಿಂತ ಮೇಲೆ ಸೊಣ್ಣಪ್ಪ ಮತ್ತೆ ಬಾನಿಯನ್ನು ಅವಳ ಕಡೆಗೆ ಕಾಲಿನಿಂದ ತಳ್ಳಿದ. ಅವಳು ಮತ್ತೆ ತಿಂದಳು.

ಮಧ್ಯಾಹ್ನ ಅವಳ ಸೀರೆ ಗಂಟನ್ನು ಬೀದಿಗಿಟ್ಟ. "ನಡಿ ನಿಮ್ಮೂರ್ಗೆ. ಬುದ್ದಿ ಬಂದ್ಮೇಲೆ ಏಳ್ ಕಳ್ಸು."

ಕನಕಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು. "ಗಾಡೀಲಿ ಬಸ್ಟ್ಯಾಂಡ್ ತಂಕ ಬುಟ್ಬುಡಿ ಮಾವ. ಕಾಲು ನಡುಗ್ತಾವೆ."

"ಕುದ್ರೆ ಬಲಾನೆಲ್ಲ ನೀನು ತಿಂದಿದ್ದೀಯ. ನಡೀಲಿ ಆ ಬಲ," ಎಂದ ಸೊಣ್ಣಪ್ಪ.

ಬಸ್ಸಿಗೆ ಕಾಸನ್ನೂ ಅವನು ಕೊಡಲಿಲ್ಲ. ಹತ್ತು ಮೈಲಿಗೆ ಹತ್ತಿರ, ಬೂದಿಕೋಟೆಯ ದಾರಿ ಹಿಡಿದು ಅವಳು ನಡೆದೇ ಹೋದಳು. ಸಂಜೆ ಕೋರಮಂಡಲ್ಲಿನಿಂದ ಬಂದ ಮುನಿಶಾಮಿ ಎಲ್ಲ ಕೇಳಿದ. ಸ್ವಲ್ಪ ಹೊತ್ತು ಅಂಗಳದ ಬಾನಿಯನ್ನು ನೋಡಿದ. ಅಪ್ಪನ ಎದುರು ನಿಂತು ಮಾತಾಡಿದವನಲ್ಲ ಅವನು. ನೆಲದಡಿ ಸಾವಿರಾರು ಅಡಿ ಇಳಿಯುವ ಧೈರ್ಯ ಇತ್ತು, ಈ ಧೈರ್ಯ ಇರಲಿಲ್ಲ. "ನಾಲ್ಕು ದಿನ ಇದ್ದು ಬರ್ಲಿ ಬಿಡು," ಎಂದು ಉಣ್ಣಲು ಕೂತ. ಸಾರು ಹುರುಳಿಕಟ್ಟಿನದೇ.

ಆರನೆಯ ದಿನವೋ ಏಳನೆಯ ದಿನವೋ ಸಂತೆ. ಬೂದಿಕೋಟೆ ಕಡೆಯ ಇಬ್ಬರು ಹೆಂಗಸರು ಸೊಪ್ಪಿನ ಮೂಟೆ ಇಟ್ಟುಕೊಂಡು ಸೊಣ್ಣಪ್ಪನ ಗಾಡಿ ಹತ್ತಿದರು. ಅವನು ಯಾರೆಂದು ಅವರಿಗೆ ಗೊತ್ತಿಲ್ಲ. ಹಿಂದೆ ಕೂತು ತಮ್ಮ ಪಾಡಿಗೆ ಮಾತಾಡಿಕೊಂಡರು.

"ಕದಿರಮ್ಮನ ಮಗ್ಳು ಕನಕಿ ಇಲ್ವಾ, ಅವ್ಳಿಗೆ ಒಟ್ಟೆ ಓಯ್ತಂತೆ ಕಣೆ. ಐದು ತಿಂಗ್ಳುದ್ದು. ಗಂಡು ಕೂಸಂತೆ."

"ಅಯ್ಯೋ ರಾಮ! ಮೂರ್ನೇದಲ್ವಾ?"

"ಮೂರ್ನೇದು. ಅವ್ರ ಮಾವ ಕುದ್ರೆ ಬಾನೀಲಿ ಉರುಳಿ ತಿನ್ನಿಸಿ ನಡೆಸಿ ಅಟ್ಟಿದ್ನಂತೆ. ಅವ್ನ ಬಾಯಿಗೆ ಮಣ್ಣಾಕ."

ಸೊಣ್ಣಪ್ಪ ಚಾಟಿ ಬೀಸಿದ. ಡೈಸಮ್ಮನಿಗೆ ಚಾಟಿಯಲ್ಲಿ ಹೊಡೆದದ್ದು ಅದೇ ಮೊದಲು. ಗಂಡು ಎಂಬ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ಆಮೇಲೆ ಅದನ್ನೂ ಕಿತ್ತು ಹಾಕಿದ. ಮೊದಲಿನ ಎರಡು ಹೋದಾಗ ನಾನು ಹುರುಳಿ ತಿನ್ನಿಸಿದ್ದೆನೇ? ಅವಳ ಹೊಟ್ಟೆಯೇ ಅಂಥದು. ಹೀಗೆ ಅಂದುಕೊಂಡ ಮೇಲೆ ಸ್ವಲ್ಪ ಹಗುರವಾಯಿತು.

ಹಗುರವಾಗದೆ ಉಳಿದದ್ದು ಒಂದೇ. ಈಗ ಹುರುಳಿಯನ್ನು ಅವನೇ ಬೇಯಿಸುತ್ತಿದ್ದ, ಅವನೇ ಸುರಿಯುತ್ತಿದ್ದ. ಕದ್ದು ತಿನ್ನುವವರು ಯಾರೂ ಇರಲಿಲ್ಲ. ಡೈಸಮ್ಮ ಇನ್ನೂ ಇಳಿಯಿತು. ಮೊದಲ ವಾರ ಅವನು ಕಳ್ಳಿ ಹೋದಳಲ್ಲ, ಇನ್ನು ಮೈ ಹಿಡಿಯುತ್ತದೆ ಎಂದ. ಎರಡನೆಯ ವಾರ ಹಳೆಯ ಕೊರತೆ ತುಂಬಬೇಕಲ್ಲ ಎಂದ. ಮೂರನೆಯ ವಾರ ಅವಳ ಶಾಪ ಎಂದ. ನಾನು ತಪ್ಪಿದೆನೇನೋ ಎಂಬ ಮಾತು ಇಷ್ಟರ ನಡುವೆ ಎಲ್ಲಾದರೂ ನುಸುಳಿ ಬಂದೀತೇ? ಬರಲಿಲ್ಲ. ಬಂದರೂ ಕೂರಲು ಅಲ್ಲಿ ಜಾಗವಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಸ್ಟೇಷನ್ನಿನ ಮುಂದಿನ ಏರಿನಲ್ಲಿ, ಗಾಡಿ ತುಂಬ ಜನ ಕೂತಿದ್ದಾಗ, ಡೈಸಮ್ಮ ಮುಂಗಾಲು ಮಡಚಿ ಬಿತ್ತು. ಕೂತವರು ಒಬ್ಬರ ಮೇಲೊಬ್ಬರು ಉರುಳಿದರು. ಸೊಣ್ಣಪ್ಪ ಗಾಡಿ ಬಿಚ್ಚಿ, ಕುದುರೆಯ ಕತ್ತು ತಬ್ಬಿಕೊಂಡು ಬೀದಿಯಲ್ಲೇ ಕೂತುಬಿಟ್ಟ. "ಚರ್ಮದೋನ್ಗೆ ಏಳ್ ಕಳ್ಸೋದು ವಾಸಿ ಕಣ್ಲಾ," ಎಂದ ಕೋದಂಡಪ್ಪ, ನಿಜವಾಗಿಯೂ ಮರುಕದಿಂದ.

ಆಗ ಗುಂಪನ್ನು ಬಿಡಿಸಿಕೊಂಡು ಒಬ್ಬ ಮುದುಕ ಬಂದ. ಖಾಕಿ ಚಡ್ಡಿ, ತಲೆಗೆ ಟವೆಲ್ಲು. ಹೆಸರು ಆರುಮುಗಂ. ಊರಿಗಾಂ ಸಾಹೇಬರ ಕುದುರೆ ಲಾಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಈಗ ಅಲ್ಲೇ ಕೂಲಿ ಲೈನಿನಲ್ಲಿ ಮಗಳ ಮನೆಯಲ್ಲಿದ್ದ. ರೈಲು ಬದಲಾಯಿಸಲು ಇಳಿದಿದ್ದ. "ಡೈಸಿ!" ಎಂದ. ಬಿದ್ದ ಕುದುರೆ ಕಿವಿ ನಿಮಿರಿಸಿತು.

"ಅಯ್ಯಯ್ಯೋ, ಪಾವಂ! ಏನಪ್ಪಾ ಇದು ಗತಿ?" ಅವನು ಕುದುರೆಯ ಮೂತಿಗೆ ಮೂಗು ಹಚ್ಚಿ ಮೂಸಿದ. ಕೆನ್ನೆ ಒತ್ತಿದ, ಡೈಸಮ್ಮ ತಲೆ ಒದರಿತು. "ಅರ ಯಾವಾಗ ಆಕಿದ್ದು?"

"ಯಾವ ಅರ?"

"ಬಾಯೊಳಗೆ ಅಪ್ಪಾ, ಅಲ್ಲು ಉಜ್ಜೋ ಅರ! ನಾವು ವರ್ಷಕ್ಕೊಂದು ತಡವೆ ಅರ ಆಕಿ ಉಜ್ತಾ ಇದ್ವಿ. ಇವ್ಳುದು ದವಡೆ ಸ್ವಲ್ಪ ಸೊಟ್ಟ. ಅಲ್ಲು ಒಂದೇ ಕಡೆ ಬೆಳೀತದೆ."

ಬೇಡ ಎನ್ನುವುದಕ್ಕೆ ಸೊಣ್ಣಪ್ಪ ಬಾಯಿ ತೆರೆಯುವ ಮೊದಲೇ ಮುದುಕ ಕುದುರೆಯ ಬಾಯಿ ಬಿಡಿಸಿ, ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿದಿದ್ದ. "ಇಂಗೆ ಪಾರು."

ಸೊಣ್ಣಪ್ಪ ನೋಡಿದ. ಹಿಂದಿನ ದವಡೆ ಹಲ್ಲೊಂದು ಕೊಕ್ಕೆಯ ಹಾಗೆ ಬಾಗಿ ಬೆಳೆದು, ಪಕ್ಕದ ಕೆನ್ನೆಯ ಮಾಂಸವನ್ನು ಹರಿದಿತ್ತು. ಹರಿದ ಕಡೆ ಕೀವು ಕಟ್ಟಿ, ಅದರೊಳಗೆ ಎಂದಿನದೋ ಹುಲ್ಲುಂಡೆ ಕೊಳೆತು ನಾರುತ್ತಿತ್ತು. ಜಗಿದರೆ ಪ್ರಾಣ ಹೋಗುವ ನೋವು. ಅದಕ್ಕೇ ಹುಲ್ಲು ಉಗಿಯುತ್ತಿತ್ತು, ಹುರುಳಿಯನ್ನು ನುಂಗುತ್ತಿತ್ತು, ನುಂಗಿದ್ದು ಇಡೀ ಕಾಳಾಗಿ ಆಚೆ ಬರುತ್ತಿತ್ತು. ಸುತ್ತ ನಿಂತ ಜಟಕಾದವರೂ ನೇಮ ಮರೆತು ಇಣುಕಿದರು.

"ಲದ್ದೀಲಿ ಕಾಳು ಬತ್ತಾ ಇರ್ಲಿಲ್ವಾ? ಕತ್ತು ವಾಲಿಸ್ತಾ ಇರ್ಲಿಲ್ವಾ? ಮನೇಲಿ ಯಾರೂ ನೋಡ್ಲಿಲ್ವಾ?" ಎಂದು ಆರುಮುಗಂ ಕೇಳಿದ.

ಹಬ್ಬ ಕಳೆದ ಮಾರನೆಯ ಬೆಳಿಗ್ಗೆ ಮುದುಕ ಉದ್ದನೆಯ ಹಿಡಿಯ ಹಳೆಯ ಅರ ತಂದ. ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತಿನ ಕೆಲಸ. ಕೊಕ್ಕೆ ಸವೆಯಿತು, ಹುಣ್ಣು ತೊಳೆದು ಅರಿಶಿನ ತುಂಬಿದ್ದಾಯಿತು. ಸೊಣ್ಣಪ್ಪ ಕುದುರೆಯ ಕಾಲು ಹಿಡಿದು ಗೊಳೋ ಎಂದು ಅತ್ತ. "ನನ್ ತಾಯಿ, ಎಷ್ಟು ನೋವು ತಿಂದ್ಯೇ! ನಿಂಗೆ ಬರೆ ಎಳೆದ್ನಲ್ಲೇ ಪಾಪಿ ನಾನು! ಬಾಯಿಲ್ದ ಜೀವ, ಎಂಗೆ ಏಳ್ತೀಯ! ತಪ್ಪಾಯ್ತು ಕಣಮ್ಮ, ತಪ್ಪಾಯ್ತು!" ನೋಡಲು ಬಂದ ಕೋದಂಡಪ್ಪನ ಕಣ್ಣೂ ಒದ್ದೆಯಾಯಿತು. ಆದರೆ ಅವನಿಗೆ ಬಾಯಿ ಸುಮ್ಮನಿರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆಯಾಯಿತಲ್ಲೋ ಎಂದು ಆರುಮುಗಂಗೆ ಸೊಸೆಯ ಕಥೆಯನ್ನೆಲ್ಲ ಹೇಳಿಬಿಟ್ಟ.

ಮುದುಕ ಅರವನ್ನು ಒರೆಸುವುದು ನಿಲ್ಲಿಸಿದ. "ಆ ಪೊಣ್ಣುಗೆ ಏಳ್ದಿಯಾ?"

"ಏಳ್ತೀನಿ."

"ಓಗಿ ಏಳು. ನೀನು ಮಾಡಿದ್ದು ಅಲ್ಲಮ್ಮ, ಕುದ್ರೆ ಅಲ್ಲು ಮಾಡಿದ್ದು ಅಂತ ನಿನ್ನ ಬಾಯಿಂದಾನೇ ಏಳು. ಓದ ಕೂಸು ಬರಲ್ಲ. ಮಾತು ಒಂದೇ ಈಗ ಉಳ್ದಿರೋದು."

ಡೈಸಮ್ಮ ಹದಿನೈದು ದಿನಕ್ಕೆ ಹುಲ್ಲು ಜಗಿಯಿತು, ಒಂದೂವರೆ ತಿಂಗಳಿಗೆ ಮೈ ಹಿಡಿಯಿತು. ಹೊಟ್ಟೆಪಟ್ಟಿ ಒಂದೊಂದೇ ತೂತು ಸಡಿಲವಾಯಿತು. ಸೊಣ್ಣಪ್ಪ ಬೂದಿಕೋಟೆಗೆ ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎನ್ನುತ್ತಲೇ ಇದ್ದ. ಅಪ್ಪ ಮಗ ಇಬ್ಬರಿಗೂ ಸೀದ ಮುದ್ದೆ ತಿಂದು ಸಾಕಾಗಿ, ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಗಾಡಿ ಕಟ್ಟಿದ.

ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿದ. ಹಲ್ಲು ಕಣಮ್ಮ, ಹಲ್ಲಾಗಿತ್ತು. ನಂದೇ ತಪ್ಪು, ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಬಂಗಾರಪೇಟೆ ಬಿಡುವಾಗ ಮಾತು ಇಷ್ಟಿತ್ತು. ಅರ್ಧ ದಾರಿಯಲ್ಲಿ ಹಲ್ಲು ಕಣಮ್ಮ, ಹಲ್ಲಾಗಿತ್ತು ಎಂಬಷ್ಟೇ ಉಳಿಯಿತು. ಕೋಟೆಬೆಟ್ಟ ಕಾಣುವ ಹೊತ್ತಿಗೆ ಅಷ್ಟನ್ನಾದರೂ ಹೇಳಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದ.

ಮನೆಯ ಮುಂದೆ ಗಾಡಿ ನಿಂತ ಸದ್ದಿಗೆ ಕನಕಮ್ಮ ಹೊರಗೆ ಬಂದಳು. ಸೊಣ್ಣಪ್ಪ ಒಂದು ಗಳಿಗೆ ಅವಳ ಗುರುತು ಹಿಡಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆಯ ಮೂಳೆ ಎದ್ದಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅವಳು ನೋಡಿದ್ದು ಅವನನ್ನಲ್ಲ, ಕುದುರೆಯನ್ನು. ಮಿರಿಮಿರಿ ಮಿಂಚುತ್ತಿದ್ದ ಡೈಸಮ್ಮನನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ಆಮೇಲೆ ಬಂದು ದಬಕ್ಕನೆ ಸೊಣ್ಣಪ್ಪನ ಕಾಲಿಗೆ ಬಿದ್ದಳು.

"ನಾನು ಇಲ್ಲಿಗೆ ಬಂದ್ಮೇಲೆ ಅದು ಮೈ ಇಡ್ಕಂಡೈತೆ ಮಾವ. ನಂದೇ ತಪ್ಪು. ಬಾಯಿಲ್ದ ಜೀವದ ತುತ್ತು ಕಿತ್ಕಂಡು ತಿಂದೆ. ಒಂದೇ ಇಡಿ ಅಂದೆ, ಆದ್ರೆ ಅದುಕ್ಕೇ ದೇವ್ರು ನನ್ ಕೂಸು ಕಿತ್ಕಂಡ. ನಂಗೆ ಗೊತ್ತಾಯ್ತು ಮಾವ. ನೀವು ಒಡೆದ್ರೂ ಸರಿ, ಬಡಿದ್ರೂ ಸರಿ, ಇಲ್ಲೇ ಬುಟ್ಟೋಗ್ಬ್ಯಾಡಿ."

ಸೊಣ್ಣಪ್ಪನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಹಲ್ಲು ಕಣಮ್ಮ. ಎರಡೇ ಶಬ್ದ. ಅವಳ ತಾಯಿ ಕದಿರಮ್ಮ ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀದಿಯ ಜನ ನೋಡುತ್ತಿದ್ದರು. ತಪ್ಪು ಮಾಡಿದವಳು ತಾನೇ ಒಪ್ಪಿಕೊಂಡು ಕಾಲು ಹಿಡಿದಿರುವಾಗ, ಅದನ್ನು ಎತ್ತಿ ತನ್ನ ತಲೆಗೆ ಸುತ್ತಿಕೊಳ್ಳುವುದಕ್ಕೆ ಎಂಥ ಎದೆ ಬೇಕು! ಸೊಣ್ಣಪ್ಪ ಗಂಟಲು ಸರಿಮಾಡಿಕೊಂಡ.

"ಓಗ್ಲಿ ಬಿಡಮ್ಮ," ಎಂದ. "ಆಗಿದ್ದು ಆಗೋಯ್ತು. ನಾನು ಅದುನ್ನ ಮನಸ್ಸಾಗೆ ಇಟ್ಕಂಡಿಲ್ಲ. ಕ್ಷಮಿಸಿವ್ನಿ."

ಕನಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಕದಿರಮ್ಮ ಓಡಿಬಂದು ಕೈಮುಗಿದಳು. "ದೊಡ್ ಮನ್ಸು ನಿಮ್ದು ಬೀಗ್ರೇ. ಇನ್ನೊಬ್ರಾಗಿದ್ರೆ ಈ ಕಡೀಕೆ ತಲೆ ಹಾಕ್ತಾ ಇರ್ಲಿಲ್ಲ." ಇದ್ದ ಒಂದು ಹುಂಜವನ್ನು ಹಿಡಿದು ಕೊಯ್ದಳು. ಸೊಣ್ಣಪ್ಪ ಹೊಟ್ಟೆ ತುಂಬ ಉಂಡ. ಉಣ್ಣುತ್ತಾ ಉಣ್ಣುತ್ತಾ ತನಗೂ ತಾನು ದೊಡ್ಡ ಮನಸ್ಸಿನವನೇ ಅನ್ನಿಸಿತು. ಬಿಟ್ಟುಬಿಡಬಹುದಿತ್ತು, ಮಗನಿಗೆ ಇನ್ನೊಂದು ಕಟ್ಟಬಹುದಿತ್ತು. ಕರೆದುಕೊಂಡು ಹೋಗಲು ತಾನೇ ಬಂದಿದ್ದಾನಲ್ಲ! ಕೈ ತೊಳೆಯುವ ಹೊತ್ತಿಗೆ ಆರುಮುಗಂ ಬಹಳ ದೂರದ ಮನುಷ್ಯನಾಗಿದ್ದ.

ಸಂಜೆಯ ಮೊದಲೇ ಹೊರಟರು. ಡೈಸಮ್ಮ ಹುರುಪಿನಿಂದ ಓಡುತ್ತಿತ್ತು. ಕನಕಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಗಾಡಿಗೆ ಭಾರವಾದೀತು ಎಂಬ ಹಾಗೆ ಮೂಲೆಗೆ ಒತ್ತಿಕೊಂಡು ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು.

"ಮಾವ, ಏನಾಗಿತ್ತಂತೆ ಅದುಕ್ಕೆ? ಯಾರಾದ್ರೂ ನೋಡಿದ್ರಾ?"

ಸೊಣ್ಣಪ್ಪ ತಿರುಗಿ ನೋಡಲಿಲ್ಲ. ಕುದುರೆಯ ಕಿವಿಗಳ ನಡುವಿನಿಂದ ರಸ್ತೆಯನ್ನು ನೋಡಿದ. ಸುತ್ತ ಯಾರೂ ಇರಲಿಲ್ಲ, ಹೇಳಿದರೆ ಅವಳೊಬ್ಬಳಿಗೇ ಕೇಳುತ್ತಿತ್ತು.

"ಏನೂ ಇಲ್ಲಮ್ಮ," ಎಂದ. "ಒಟ್ಟೆಗೆ ಸಾಲ್ತಿರ್ಲಿಲ್ಲ, ಅಷ್ಟೇ."

ಕನಕಮ್ಮ ತಲೆ ತಗ್ಗಿಸಿದಳು. "ಇನ್ಮೇಲೆ ಮುಟ್ಟಾಕಿಲ್ಲ ಮಾವ," ಎಂದಳು.